ನಾಲ್ಕು ಸಾಲಿನ ನಾರ್ಮಲ್

ಶುಗರ್ ಟೆಸ್ಟಿನ ಚೀಟಿ ಓದಲು ತಿಪಟೂರು ಸೀಮೆಯಲ್ಲಿ ಈಗ ಯಾರೂ ಡಾಕ್ಟರಿಗಾಗಿ ಕಾಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ನೂರರೊಳಗಿದ್ದರೆ ನೆಮ್ಮದಿ, 126 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂಬುದು ಎಲ್ಲರಿಗೂ ಬಾಯಿಪಾಠ. ಎಪಿಎಂಸಿ ಪ್ರಾಂಗಣದಲ್ಲಿ ಕೊಬ್ಬರಿ ಹರಾಜಿಗೆ ಕಾದು ಕೂತವರು ಕ್ವಿಂಟಲ್ ರೇಟಿನ ಜೊತೆಗೆ ಈ ಅಂಕಿಗಳನ್ನೂ ಮಾತಾಡಿಕೊಳ್ಳುತ್ತಾರೆ. ಒಂದು ಅಂಕಿ, ಅದಕ್ಕೊಂದು ಗಡಿ.

ಅದೇ ಮನೆಗೆ ಇನ್ನೊಂದು ಬಗೆಯ ರಿಪೋರ್ಟು ಬಂದಾಗ ಈ ಜಾಣತನ ಕೈಕೊಡುತ್ತದೆ. ಮದುವೆಯಾಗಿ ಮೂರು ವರ್ಷವಾದರೂ ಬಸಿರು ನಿಲ್ಲದ ಸೊಸೆ ತುರುವೇಕೆರೆ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ತಿಪಟೂರಿಗೆ ಬಂದು ರಕ್ತ ಕೊಟ್ಟು ಹೋಗಿದ್ದಾಳೆ ಎಂದುಕೊಳ್ಳಿ. ಸಣ್ಣ ಊರಿನ ಲ್ಯಾಬುಗಳು ಇಂಥ ಸ್ಯಾಂಪಲ್ಲುಗಳನ್ನು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ಊರಿಗೆ ಕಳಿಸುತ್ತವೆ. ಉತ್ತರ ವಾಟ್ಸಾಪಿನಲ್ಲಿ ಬರುತ್ತದೆ. ಎಫ್‌ಎಸ್‌ಎಚ್ ಎಂಬ ಸಾಲಿನ ಮುಂದೆ 19 ಎಂದು ದಪ್ಪಕ್ಷರದಲ್ಲಿದೆ. “ಹಾರ್ಮೋನು ಜಾಸ್ತಿ ಅಂತ ಬಂದೈತಲ್ಲಮ್ಮ, ಒಳ್ಳೇದೇ ಅಲ್ವಾ?” ಎನ್ನುತ್ತಾರೆ ಅತ್ತೆ. ಡಾಕ್ಟರ ಮುಖ ನೋಡಿದರೆ ಹಾಗೆ ಕಾಣುವುದಿಲ್ಲ.

ಆ ಅಂಕಿಯ ಬಲಕ್ಕೆ ‘ಇಷ್ಟಿದ್ದರೆ ಸರಿ’ ಎಂದು ತೋರಿಸುವ ಕಾಲಂ ಇದೆಯಲ್ಲ, ಅದು ಇನ್ನೂ ಗೊಂದಲದ್ದು. ಶುಗರಿಗೆ ಅಲ್ಲಿ ಒಂದೇ ಸಾಲು. ಹೆಂಗಸರ ಎಫ್‌ಎಸ್‌ಎಚ್‌ಗೆ ನಾಲ್ಕು. ಹೆಚ್ಚು ಬಳಕೆಯಲ್ಲಿರುವ ಒಂದು ಯಂತ್ರದ ಪಟ್ಟಿ ಹೀಗಿದೆ: ಮುಟ್ಟಿನ ಚಕ್ರದ ಮೊದಲ ಅರ್ಧದಲ್ಲಿ 3.5ರಿಂದ 12.5, ನಡುವಿನಲ್ಲಿ 4.7ರಿಂದ 21.5, ಎರಡನೇ ಅರ್ಧದಲ್ಲಿ 1.7ರಿಂದ 7.7, ಮುಟ್ಟು ನಿಂತ ಮೇಲೆ 25.8ರಿಂದ 134.8. ಗಂಡಸರಿಗೆ ಮಾತ್ರ ಒಂದೇ ಸಾಲು, 1.5ರಿಂದ 12.4. ಲ್ಯಾಬಿನಿಂದ ಲ್ಯಾಬಿಗೆ ಈ ಗಡಿಗಳು ಚೂರುಪಾರು ಬದಲಾಗುತ್ತವೆ, ಸಾಲುಗಳು ಮಾತ್ರ ನಾಲ್ಕೇ.

ಈಗ ಆ 19ನ್ನು ಒಂದೊಂದು ಸಾಲಿನ ಪಕ್ಕಕ್ಕೂ ಇಟ್ಟು ನೋಡಿ. ಮುಟ್ಟಾದ ಮೂರನೇ ದಿನದ ರಕ್ತವಾದರೆ ಹೆಚ್ಚು. ಹದಿನಾಲ್ಕನೇ ದಿನದ್ದಾದರೆ ಸರಿ. ಮುಟ್ಟು ನಿಂತು ಐದು ವರ್ಷವಾದ ಹೆಂಗಸಿನದಾದರೆ ಕಡಿಮೆ. ಒಂದೇ ಅಂಕಿಗೆ ಮೂರು ಅರ್ಥ ಬಂದದ್ದು ಹೇಗೆ?

ಹದಿನೈದು ಎಚ್‌ಪಿ ಮೋಟಾರು

ಎಫ್‌ಎಸ್‌ಎಚ್ ಹುಟ್ಟುವುದು ಹೊಟ್ಟೆಯಲ್ಲಲ್ಲ, ತಲೆಯಲ್ಲಿ. ಅತ್ತೆಯ ಲೆಕ್ಕ ತಪ್ಪಿದ್ದು ಇಲ್ಲೇ. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅಂಡಾಶಯಕ್ಕೆ ಅದು ಹೊರಡಿಸುವ ಅಪ್ಪಣೆ ಇದು: ಬೆಳೆಸು.

ಬೆಳೆಸಬೇಕಾದ್ದು ಅಂಡಚೀಲಗಳನ್ನು. ಪ್ರತಿ ಅಂಡಾಣುವೂ ತನ್ನದೇ ಪುಟ್ಟ ಚೀಲದಲ್ಲಿ ಕೂತಿರುತ್ತದೆ. ವೈದ್ಯರು ಫಾಲಿಕಲ್ ಎನ್ನುವುದು ಇದನ್ನೇ. ಸ್ಕ್ಯಾನಿಂಗ್ ಕೋಣೆಯಲ್ಲಿ “ಮೊಟ್ಟೆ 18 ಎಂಎಂ ಬೆಳೆದಿದೆ” ಎಂದು ಹೇಳುವುದು ಚೀಲದ ಅಳತೆ, ಒಳಗಿನ ಅಂಡಾಣು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟೇ. ಚೀಲ ಬೆಳೆಯುತ್ತ ಹೋದ ಹಾಗೆ ಅದರ ಗೋಡೆಯಿಂದ ಈಸ್ಟ್ರಡಯಾಲ್ ಮತ್ತು ಇನ್‌ಹಿಬಿನ್ ಎಂಬ ಎರಡು ಹಾರ್ಮೋನುಗಳು ರಕ್ತಕ್ಕೆ ಸೇರಿ ಮಿದುಳಿಗೆ ತಲುಪುತ್ತವೆ. ಅವು ಒಯ್ಯುವ ಸುದ್ದಿ: ಕೆಲಸ ನಡೆಯುತ್ತಿದೆ, ಇಷ್ಟು ಸಾಕು. ಸುದ್ದಿ ಬಂತೆಂದರೆ ಪಿಟ್ಯುಟರಿ ಎಫ್‌ಎಸ್‌ಎಚ್ ಇಳಿಸುತ್ತದೆ. ಬರಲಿಲ್ಲವೆಂದರೆ ಏರಿಸುತ್ತದೆ. ಆಗಲೂ ಬರಲಿಲ್ಲವೆಂದರೆ ಇನ್ನೂ ಏರಿಸುತ್ತದೆ. ಇದಕ್ಕೆ ಮಾರುತ್ತರದ ಹಿಡಿತ ಎಂದು ಹೆಸರಿಟ್ಟುಕೊಳ್ಳೋಣ.

ತೋಟದವರಿಗೆ ಇದನ್ನು ಬೋರ್‌ವೆಲ್ ಲೆಕ್ಕದಲ್ಲಿ ಹೇಳಿದರೆ ಬೇಗ ಹಿಡಿಯುತ್ತದೆ. ಮುನ್ನೂರು ಅಡಿಗೆ ನೀರಿದ್ದ ಕಾಲದಲ್ಲಿ ಐದು ಎಚ್‌ಪಿ ಮೋಟಾರು ಎರಡಿಂಚು ನೀರು ಎತ್ತುತ್ತಿತ್ತು. ಅಂತರ್ಜಲ ಇಳಿಯಿತು, ಬೋರು ಒಂಬೈನೂರು ಅಡಿಗೆ ಹೋಯಿತು, ಮೋಟಾರು ಹದಿನೈದು ಎಚ್‌ಪಿ ಆಯಿತು, ಪೈಪಿನ ಬಾಯಲ್ಲಿ ಬರುವುದು ಒಂದಿಂಚು. ತೋಟ ಕೊಳ್ಳಲು ಬಂದವನಿಗೆ “ಹದಿನೈದು ಎಚ್‌ಪಿ ಮೋಟಾರು ಕೂರಿಸಿದೀನಿ” ಎಂದರೆ ಅವನೇನು ಹಿಗ್ಗುವುದಿಲ್ಲ. ನೀರು ಅಷ್ಟು ಆಳಕ್ಕೆ ಹೋಗಿದೆಯಾ ಎಂದು ಹುಬ್ಬು ಗಂಟು ಹಾಕುತ್ತಾನೆ. ಎಫ್‌ಎಸ್‌ಎಚ್ ಆ ಎಚ್‌ಪಿ ಅಂಕಿ. ಅದು ಏರಿತೆಂದರೆ ಅಂಡಾಶಯ ಸುಲಭವಾಗಿ ಓಗೊಡುತ್ತಿಲ್ಲ ಎಂದು ಅರ್ಥ. ಹೋಲಿಕೆ ಒಂದು ಕಡೆ ಕುಂಟುತ್ತದೆ: ಮೋಟಾರನ್ನು ರೈತ ಒಂದು ಸಲ ಕೊಂಡರೆ ಮುಗಿಯಿತು, ಪಿಟ್ಯುಟರಿ ತನ್ನ ಬಲವನ್ನು ದಿನದಿನಕ್ಕೂ ಏರಿಸಿ ಇಳಿಸುತ್ತಲೇ ಇರುತ್ತದೆ. ರಿಪೋರ್ಟು ಓದುವುದು ಕಷ್ಟವಾಗುವುದೂ ಆ ಕಾರಣಕ್ಕೇ.

ಮುಟ್ಟು ನಿಂತ ಹೆಂಗಸಿನ ಅಂಕಿ ನೂರು ದಾಟಿದರೂ ನಾರ್ಮಲ್ ಆಗುವುದು ಹೀಗೆ. ಅಂಡಾಶಯದಲ್ಲಿ ಉತ್ತರ ಕೊಡುವ ಚೀಲಗಳು ಉಳಿದಿಲ್ಲ. ಪಿಟ್ಯುಟರಿ ಮಾತ್ರ ಅಪ್ಪಣೆ ಹೊರಡಿಸುತ್ತಲೇ ಇದೆ. ಅಷ್ಟೊಂದು ಹಾರ್ಮೋನು ಎಲ್ಲಿಗೆ ಹೋಗುತ್ತದೆ? ಮೂತ್ರಕ್ಕೆ. 1950ರ ದಶಕದಲ್ಲಿ ಇಟಲಿಯ ಸೆರೋನೋ ಕಂಪನಿ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರ ಮೂತ್ರ ಸಂಗ್ರಹಿಸಿ ಅದರಿಂದ ಈ ಹಾರ್ಮೋನುಗಳನ್ನು ಬೇರ್ಪಡಿಸಿತು. ಪರ್ಗೊನಾಲ್ ಎಂಬ ಆ ಚುಚ್ಚುಮದ್ದನ್ನು ಬ್ರೂನೋ ಲೂನೆನ್‌ಫೆಲ್ಡ್ ಎಂಬ ವೈದ್ಯರು ಇಸ್ರೇಲಿನಲ್ಲಿ ಮಕ್ಕಳಾಗದ ಹೆಂಗಸಿಗೆ ಕೊಟ್ಟರು, 1962ರಲ್ಲಿ ಆಕೆಗೆ ಹೆಣ್ಣುಮಗು ಹುಟ್ಟಿತು. ಮಕ್ಕಳನ್ನು ಹೆರದ ಸನ್ಯಾಸಿನಿಯರು ಬೇರೊಬ್ಬಳಿಗೆ ಮಗು ಕೊಟ್ಟ ಈ ಕತೆಯನ್ನು ಕಾದಂಬರಿಕಾರ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ಎರಡನೇ ದಿನವೇ ಏಕೆ

“ಮುಟ್ಟಾದ ಎರಡನೇ ದಿನ ಬಾಮ್ಮ, ರಕ್ತ ತೆಗೀತೀವಿ” ಎನ್ನುತ್ತಾರೆ. ಎಷ್ಟೋ ಜನಕ್ಕೆ ಇದು ಆಸ್ಪತ್ರೆಯವರ ಅನುಕೂಲದ ಮಾತೆಂದು ಕಾಣುತ್ತದೆ. ಕಾರಣ ಬೇರೆ. ಮುಟ್ಟಿನ ಮೊದಲ ದಿನಗಳಲ್ಲಿ ಹಿಂದಿನ ತಿಂಗಳ ಗಲಾಟೆ ಮುಗಿದು ಹೋಗಿರುತ್ತದೆ, ಹೊಸ ಚೀಲಗಳು ಇನ್ನೂ ಬಾಯಿ ಬಿಟ್ಟಿರುವುದಿಲ್ಲ. ಅಂಡಾಶಯ ಮೌನವಾಗಿರುವ ಆ ಹೊತ್ತಿನಲ್ಲಿ ಪಿಟ್ಯುಟರಿ ಎಷ್ಟು ಜೋರಾಗಿ ಕೂಗಬೇಕಾಗಿದೆ ಎಂಬುದು ಶುದ್ಧವಾಗಿ ಅಳತೆಗೆ ಸಿಗುತ್ತದೆ.

ಹತ್ತನೇ ದಿನಕ್ಕೆ ಚಿತ್ರ ಕಲಸಿಹೋಗುತ್ತದೆ. ಒಂದು ಚೀಲ ಮುಂದೆ ಬಂದು ಈಸ್ಟ್ರಡಯಾಲನ್ನು ಧಾರಾಳವಾಗಿ ಬಿಡುತ್ತಿರುತ್ತದೆ, ಎಫ್‌ಎಸ್‌ಎಚ್ ತಗ್ಗಿರುತ್ತದೆ. ಆಮೇಲೆ ಒಂದು ವಿಚಿತ್ರ ನಡೆಯುತ್ತದೆ. ಈಸ್ಟ್ರಡಯಾಲ್ ತುಂಬ ಮೇಲೆ ಹೋಗಿ ಎರಡು ದಿನದಷ್ಟು ಹಾಗೇ ನಿಂತರೆ ಮಿದುಳು ಅದನ್ನು ‘ಸಾಕು’ ಎಂದು ಕೇಳಿಸಿಕೊಳ್ಳುವುದನ್ನು ಬಿಟ್ಟು ‘ಹಣ್ಣಾಗಿದೆ’ ಎಂದು ಕೇಳಿಸಿಕೊಳ್ಳುತ್ತದೆ. ಎಫ್‌ಎಸ್‌ಎಚ್‌ನ ಜೊತೆಗಾರ ಹಾರ್ಮೋನಾದ ಎಲ್‌ಎಚ್ ಹತ್ತರ ಆಸುಪಾಸಿನಿಂದ ಒಮ್ಮೆಲೇ ಹಲವು ಪಟ್ಟು ಚಿಮ್ಮುತ್ತದೆ, ಅದರ ಹಿಂದೆಯೇ ಎಫ್‌ಎಸ್‌ಎಚ್ ಕೂಡ. ಚಿಮ್ಮಲು ಶುರುವಾದ ಸುಮಾರು 36 ಗಂಟೆಗೆ ಚೀಲ ಒಡೆದು ಅಂಡಾಣು ಹೊರಬೀಳುತ್ತದೆ. ಪಟ್ಟಿಯ ಎರಡನೇ ಸಾಲು ಈ ಒಂದೆರಡು ದಿನಗಳದ್ದು.

ಎರಡನೇ ದಿನದ ಈ ಬೇಡಿಕೆ ನಮ್ಮ ಕಡೆ ಇನ್ನೊಂದು ಕಟ್ಟಳೆಗೆ ಡಿಕ್ಕಿ ಹೊಡೆಯುತ್ತದೆ. ‘ಹೊರಗಾದ’ ಹೆಣ್ಣು ಒಳಗೆ ಬರಬಾರದು, ನಾಲ್ಕು ಜನರ ನಡುವೆ ಓಡಾಡಬಾರದು ಎಂಬ ನಡವಳಿಕೆ ಎಷ್ಟೋ ಮನೆಗಳಲ್ಲಿ ಉಳಿದಿದೆ. ತುಮಕೂರು ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಹಟ್ಟಿಯಾಚೆಯೇ ಇರಬೇಕೆಂಬ ಪದ್ಧತಿ ಪತ್ರಿಕೆಗಳಲ್ಲಿ ಆಗಾಗ ಸುದ್ದಿಯಾಗುತ್ತದೆ. ಪರೀಕ್ಷೆ ಕೇಳುವುದು ಅದೇ ದಿನ ಬಸ್ಸು ಹತ್ತಬೇಕೆಂದು. ‘ತಲೆಗೆ ನೀರು ಹಾಕಿಕೊಂಡು ಆಮೇಲೆ ಹೋದರಾಯಿತು’ ಎಂದು ಮುಂದೂಡುವ ಮನೆಗಳಿಗೆ ಒಂದು ಸಮಾಧಾನದ ಮಾತಿದೆ: ಎಫ್‌ಎಸ್‌ಎಚ್, ಎಲ್‌ಎಚ್‌ಗಳಿಗೆ ಐದನೇ ದಿನದವರೆಗೂ ಅವಕಾಶವುಂಟು. ಹತ್ತನೇ ದಿನಕ್ಕೆ ಹೋಗಿ ‘ಎರಡನೇ ದಿನ’ ಎಂದು ಹೇಳಿ ಬರುವುದಕ್ಕಿಂತ ಹೋಗದೇ ಇರುವುದು ಮೇಲು. ದುಡ್ಡಾದರೂ ಉಳಿಯುತ್ತದೆ.

ಎಫ್‌ಎಸ್‌ಎಚ್ ಜೊತೆಗೆ ಅದೇ ದಿನದ ಈಸ್ಟ್ರಡಯಾಲನ್ನೂ ಡಾಕ್ಟರು ಬರೆಯುವುದರ ಗುಟ್ಟು ಈಗ ತಿಳಿಯುತ್ತದೆ. ಕೆಲವರಲ್ಲಿ ಚೀಲವೊಂದು ಅವಸರಪಟ್ಟು ಮೊದಲೇ ಬೆಳೆದು, ಮೂರನೇ ದಿನಕ್ಕೇ ಈಸ್ಟ್ರಡಯಾಲ್ 80 ದಾಟಿರುತ್ತದೆ. ಅದು ಎಫ್‌ಎಸ್‌ಎಚ್ ಅನ್ನು ಒತ್ತಿ ಹಿಡಿದು 8ರಲ್ಲಿ ನಿಲ್ಲಿಸುತ್ತದೆ. ಒಂದನ್ನೇ ನೋಡಿದವರಿಗೆ ಎಲ್ಲ ಸರಿಯಾಗಿದೆ ಎನಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟವರಿಗೆ ಮಾತ್ರ ಆ 8ರ ಹಿಂದೆ ಅಡಗಿರುವ ದೊಡ್ಡ ಮೋಟಾರು ಕಾಣುತ್ತದೆ.

ಪ್ರೊಜೆಸ್ಟರಾನಿನದು ಇನ್ನೊಂದು ತಾಪತ್ರಯ. ಅಂಡಾಣು ಹೊರಬಿದ್ದ ಮೇಲೆ ಖಾಲಿ ಚೀಲ ಈ ಹಾರ್ಮೋನು ತಯಾರಿಸುತ್ತದೆ. ಅದು 3 ದಾಟಿದ್ದರೆ ಈ ತಿಂಗಳು ಅಂಡಾಣು ಬಿಡುಗಡೆಯಾಗಿದೆ ಎಂಬುದಕ್ಕೆ ಪುರಾವೆ. ‘21ನೇ ದಿನದ ಟೆಸ್ಟು’ ಎಂದೇ ಇದಕ್ಕೆ ಹೆಸರು ಬಿದ್ದು ಅನ್ಯಾಯವಾಗಿದೆ. 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ 21 ಸರಿ. 35 ದಿನಕ್ಕೊಮ್ಮೆ ಆಗುವವಳಲ್ಲಿ 21ನೇ ದಿನಕ್ಕೆ ಅಂಡಾಣು ಆಗಷ್ಟೇ ಹೊರಟಿರುತ್ತದೆ; ಅವಳಿಗೆ 28ನೇ ದಿನ ತೆಗೆಯಬೇಕು. ಮುಂದಿನ ಮುಟ್ಟಿಗೆ ಏಳು ದಿನ ಹಿಂದಕ್ಕೆ ಎಣಿಸುವುದು ಇದರ ನಿಯಮ. ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಏಕಾದಶಿಗಳ ಪಕ್ಕ ತಿಂಗಳ ತಾರೀಖಿಗೆ ಚುಕ್ಕೆ ಹಾಕಿಕೊಳ್ಳುವ ಹೆಂಗಸಿನ ಎದುರು ಯಂತ್ರದ ಜಾಣ್ಮೆಯೆಲ್ಲ ಎರಡನೇ ಮಾತು.

ಗಂಟೆಗೊಂದು ತೊಟ್ಟು

ಪಿಟ್ಯುಟರಿಗೂ ಒಬ್ಬ ಯಜಮಾನನಿದ್ದಾನೆ. ಅದರ ಮೇಲಿರುವ ಹೈಪೊಥಲಾಮಸ್ ಎಂಬ ಮಿದುಳಿನ ಭಾಗ ಜಿಎನ್‌ಆರ್‌ಎಚ್ ಎಂಬ ಪುಟ್ಟ ಅಣುವನ್ನು ಬಿಟ್ಟು ಅದನ್ನು ಎಬ್ಬಿಸುತ್ತದೆ. ಈ ಅಣುವಿನ ರಚನೆಯನ್ನು 1971ರಲ್ಲಿ ಆಂಡ್ರ್ಯೂ ಶಾಲಿಯವರ ತಂಡ ಹಂದಿಗಳ ಮಿದುಳಿನಿಂದ ಬಿಡಿಸಿ ತೋರಿಸಿತು. ಕುರಿಗಳ ಮಿದುಳು ಹಿಡಿದು ಅದೇ ಗುರಿಯತ್ತ ಓಡುತ್ತಿದ್ದವರು ರೋಜರ್ ಗಿಯೆಮಿನ್. ಇಬ್ಬರ ಪೈಪೋಟಿ ಎಷ್ಟು ಕಟುವಾಗಿತ್ತೆಂದರೆ ನೊಬೆಲ್ ಸಮಿತಿ 1977ರಲ್ಲಿ ಇಬ್ಬರಿಗೂ ಒಟ್ಟಿಗೆ ಬಹುಮಾನ ಕೊಟ್ಟದ್ದು ಪಂಚಾಯಿತಿ ಮಾಡಿದ ಹಾಗಿತ್ತು.

ಅಣು ಸಿಕ್ಕಿತು, ಆದರೆ ಅದರ ನಡೆ ಗೊತ್ತಿರಲಿಲ್ಲ. ಅದನ್ನು ತೋರಿಸಿದವರು ಅಮೆರಿಕದ ಪಿಟ್ಸ್‌ಬರ್ಗಿನ ಅರ್ನ್‌ಸ್ಟ್ ನೋಬಿಲ್. ತಮ್ಮದೇ ಜಿಎನ್‌ಆರ್‌ಎಚ್ ಇಲ್ಲದಂತೆ ಮಾಡಿದ ಹೆಣ್ಣು ಕೋತಿಗಳಿಗೆ ಅವರ ತಂಡ ಈ ಅಣುವನ್ನು ಹೊರಗಿನಿಂದ ಕೊಟ್ಟಿತು. ಗಂಟೆಗೊಂದು ಸಲ, ಕೆಲವು ನಿಮಿಷ ಮಾತ್ರ ಹರಿಸಿದಾಗ ಎಫ್‌ಎಸ್‌ಎಚ್, ಎಲ್‌ಎಚ್ ಎರಡೂ ಮೇಲೆದ್ದವು. ಬಿಡುವಿಲ್ಲದೆ ಹರಿಸಿದಾಗ ಎರಡೂ ನೆಲಕಚ್ಚಿದವು. 1978ರಲ್ಲಿ ಪ್ರಕಟವಾದ ಈ ಫಲಿತಾಂಶ ವೈದ್ಯರ ಕೈಗೆ ಎರಡು ಆಯುಧ ಕೊಟ್ಟಿತು. ಹಾರ್ಮೋನು ಏಳಿಸಬೇಕೆಂದರೆ ತೊಟ್ಟು ತೊಟ್ಟಾಗಿ ಕೊಡು, ಮಲಗಿಸಬೇಕೆಂದರೆ ಒಂದೇ ಸಮ ಕೊಡು. ಎಂಡೊಮೆಟ್ರಿಯೋಸಿಸ್‌ಗೂ ಪ್ರಾಸ್ಟೇಟ್ ಕ್ಯಾನ್ಸರಿಗೂ ಇಂದು ಕೊಡುವ ಕೆಲವು ಚುಚ್ಚುಮದ್ದುಗಳು ಈ ಎರಡನೇ ಉಪಾಯದವು.

ರಿಪೋರ್ಟು ಓದುವವರಿಗೆ ಇದರಿಂದ ಸಿಗುವ ಪಾಠ ಸರಳ. ಅಪ್ಪಣೆ ಹೊರಡುವುದೇ ಮಿಡಿತದಲ್ಲಿ. ಎಲ್‌ಎಚ್ ಕೂಡ ಏರಿ ಇಳಿಯುತ್ತದೆ, ಚಕ್ರದ ಕೊನೆಯರ್ಧದಲ್ಲಿ ಪ್ರೊಜೆಸ್ಟರಾನ್ ಒಂದೇ ದಿನದೊಳಗೆ ಹಲವು ಪಟ್ಟು ಹೆಚ್ಚುಕಡಿಮೆ ಆಗಬಲ್ಲದು. ಒಂದೇ ಹಾರ್ಮೋನು ಬೆಳಿಗ್ಗೆ 5.1, ಸಂಜೆ 7.4 ಬಂದರೆ ಲ್ಯಾಬು ಸುಳ್ಳು ಹೇಳಿತೆಂದು ಜಗಳಕ್ಕೆ ಹೋಗಬೇಕಿಲ್ಲ. ರಕ್ತ ತೆಗೆದ ಆ ನಿಮಿಷದ ಫೋಟೋ ಅದು.

ನಲವತ್ತೈದು ದಾಟಿದವರಲ್ಲಿ ಏರಿಳಿತ ಇನ್ನೂ ಜಾಸ್ತಿ. ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ವರ್ಷಗಳಲ್ಲಿ ಈ ತಿಂಗಳು ಎಫ್‌ಎಸ್‌ಎಚ್ 40 ತೋರಿಸಿ, ಎರಡು ತಿಂಗಳ ನಂತರ 9 ತೋರಿಸಬಹುದು. ಉಳಿದ ಚೀಲಗಳಲ್ಲೊಂದು ಎಚ್ಚೆತ್ತು ಉತ್ತರ ಕೊಟ್ಟಿರುತ್ತದೆ. ಆ ವಯಸ್ಸಿನಲ್ಲಿ ಮೈ ಬಿಸಿಯಾಗುವುದು, ಬೆವರುವುದು, ಮುಟ್ಟು ತಪ್ಪುವುದು ಇವಿಷ್ಟೇ ಸಾಕು, ರಕ್ತಪರೀಕ್ಷೆಯೇ ಬೇಡ ಎನ್ನುತ್ತದೆ ಇಂದಿನ ವೈದ್ಯಕೀಯ. ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ನಿಂತಿತು ಎಂದು ಲೆಕ್ಕ. ನಲವತ್ತಕ್ಕೆ ಮುಂಚೆ ನಿಂತರೆ ಮಾತ್ರ ಎಫ್‌ಎಸ್‌ಎಚ್ ನೋಡಲೇಬೇಕು; ಆಗ 25ರ ಮೇಲಿನ ಅಂಕಿ ಗಂಭೀರ. ಗರ್ಭಕೋಶ ತೆಗೆಸಿ ಅಂಡಾಶಯ ಉಳಿಸಿಕೊಂಡ ಹೆಂಗಸರಿಗೂ ಇದು ಉಪಯೋಗಕ್ಕೆ ಬರುತ್ತದೆ, ಅವರಿಗೆ ಎಣಿಸಲು ಮುಟ್ಟೇ ಇರುವುದಿಲ್ಲವಲ್ಲ.

ಲಕ್ಷ ಕೋಟಿಯಲ್ಲೊಂದು ಪಾಲು

ಈಸ್ಟ್ರಡಯಾಲ್ ಮುಂದೆ ಬರೆಯುವ ಪಿಕೋಗ್ರಾಂ ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಭಾಗ. ಒಂದು ಮಿಲಿಲೀಟರಿನಲ್ಲಿ ಅಂಥ ಐವತ್ತು ಭಾಗ ಇದೆಯೆಂದು ಲ್ಯಾಬು ಹೇಳುತ್ತದೆ. ಯಾವ ತಕ್ಕಡಿ ಇದನ್ನು ತೂಗೀತು?

ದಾರಿ ಮಾಡಿಕೊಟ್ಟದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್. ಆಕೆ ಭೌತವಿಜ್ಞಾನಿ, ಆತ ವೈದ್ಯ. ಪ್ರಾಣಿಗಳ ಇನ್ಸುಲಿನ್ ಚುಚ್ಚಿಸಿಕೊಂಡವರ ರಕ್ತದಲ್ಲಿ ಅದನ್ನು ಹಿಡಿದುಕೊಳ್ಳುವ ಪ್ರತಿಕಾಯಗಳು ಹುಟ್ಟುವುದನ್ನು ಅವರು ಕಂಡರು. ಪ್ರತಿಕಾಯ ತನ್ನ ಗುರಿಯನ್ನು ಬಿಟ್ಟು ಬೇರೆಯದನ್ನು ಹಿಡಿಯುವುದಿಲ್ಲ. ಹಾಗಾದರೆ ಅದನ್ನೇ ಅಳತೆಗೋಲು ಮಾಡಿದರೆ? ಗುರುತು ಹಚ್ಚಿದ ಹಾರ್ಮೋನನ್ನು ಪ್ರತಿಕಾಯದ ಜೊತೆ ಬಿಡು, ರೋಗಿಯ ರಕ್ತವನ್ನೂ ಸೇರಿಸು. ರಕ್ತದಲ್ಲಿ ಹಾರ್ಮೋನು ಹೆಚ್ಚಿದ್ದಷ್ಟೂ ಗುರುತಿನದು ಜಾಗ ಕಳೆದುಕೊಂಡು ಹೊರಬೀಳುತ್ತದೆ. ಹೊರಬಿದ್ದದ್ದನ್ನು ಎಣಿಸಿದರೆ ಉತ್ತರ ಸಿಕ್ಕಿತು. 1960ರ ಹೊತ್ತಿಗೆ ಸಿದ್ಧವಾದ ಈ ವಿಧಾನಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಬರ್ಸನ್ 1972ರಲ್ಲಿ ತೀರಿಕೊಂಡರು. 1977ರ ಆ ನೊಬೆಲಿನ ಅರ್ಧಪಾಲು ಯಾಲೋ ಒಬ್ಬರಿಗೇ ಬಂತು. ಅಂದು ವಿಕಿರಣದ ಗುರುತು ಇತ್ತು, ಇಂದು ಬೆಳಕು ಬೀರುವ ರಾಸಾಯನಿಕಗಳಿವೆ. ಪ್ರತಿಕಾಯವೇ ಅಳತೆಗೋಲು ಎಂಬುದು ಬದಲಾಗಿಲ್ಲ.

ಇಲ್ಲೇ ಒಂದು ಬಲೆಯೂ ಇದೆ. ಕೆಲವು ಯಂತ್ರಗಳು ಪ್ರತಿಕಾಯವನ್ನು ಜಾಗಕ್ಕೆ ಅಂಟಿಸಲು ಬಯೊಟಿನ್ ಎಂಬ ಜೀವಸತ್ವವನ್ನು ಬಳಸುತ್ತವೆ. ಕೂದಲು ಉದುರುವುದಕ್ಕೆ ಮೆಡಿಕಲ್ ಸ್ಟೋರಿನಲ್ಲಿ ಕೊಳ್ಳುವ ಮಾತ್ರೆಗಳಲ್ಲಿ ಇದೇ ಬಯೊಟಿನ್ ದಂಡಿಯಾಗಿರುತ್ತದೆ. ಅದು ರಕ್ತದಲ್ಲಿ ತುಂಬಿಕೊಂಡಿದ್ದರೆ ಅಂಥ ಯಂತ್ರದಲ್ಲಿ ಎಫ್‌ಎಸ್‌ಎಚ್, ಎಲ್‌ಎಚ್, ಥೈರಾಯಿಡಿನ ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತವೆ. ಈಸ್ಟ್ರಡಯಾಲ್, ಪ್ರೊಜೆಸ್ಟರಾನ್, ಟೆಸ್ಟೊಸ್ಟಿರಾನ್ ಇದ್ದದ್ದಕ್ಕಿಂತ ಹೆಚ್ಚು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಈ ಬಗ್ಗೆ ಎಚ್ಚರಿಸಿತು. ‘ಏನಾದರೂ ಮಾತ್ರೆ ತಗೋತಿದೀರಾ’ ಎಂದು ಕೇಳಿದಾಗ ಕೂದಲಿನ ಮಾತ್ರೆಯನ್ನು ಯಾರೂ ಮಾತ್ರೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು.

ಪ್ರೊಲ್ಯಾಕ್ಟಿನ್ ಎಂಬ ಇನ್ನೊಂದು ಹಾರ್ಮೋನಿನ ಕತೆಯೂ ಇಂಥದೇ. ಹಾಲೂಡುವ ತಾಯಂದಿರಲ್ಲಿ ಏರುವ ಇದು ಬೇರೆಯವರಲ್ಲಿ ಏರಿದರೆ ಜಿಎನ್‌ಆರ್‌ಎಚ್ ಮಿಡಿತವನ್ನೇ ತಡೆದು ಮುಟ್ಟು ತಪ್ಪಿಸುತ್ತದೆ. ಸಾಮಾನ್ಯವಾಗಿ 25ರೊಳಗಿರಬೇಕಾದ್ದು 40 ಬಂತೆಂದರೆ ಮಿದುಳಿನಲ್ಲಿ ಗೆಡ್ಡೆಯಿದೆಯೇನೋ ಎಂಬ ಭಯ ಹಬ್ಬುತ್ತದೆ. ಗೆಡ್ಡೆಗೂ ಮೊದಲು ನೋಡಬೇಕಾದ್ದು ಔಷಧದ ಡಬ್ಬಿ. ಗ್ಯಾಸ್ಟ್ರಿಕ್ಕಿಗೆಂದು ಊರೂರಲ್ಲಿ ನುಂಗುವ ಪ್ಯಾಂಟೊಪ್ರಜೋಲ್ ಕ್ಯಾಪ್ಸೂಲುಗಳಲ್ಲಿ ಎಷ್ಟೋ ಸಲ ಡೊಂಪೆರಿಡೋನ್ ಕೂಡ ಸೇರಿರುತ್ತದೆ, ಅದು ಪ್ರೊಲ್ಯಾಕ್ಟಿನ್ ಏರಿಸುವ ಔಷಧ. ನಿದ್ದೆ, ಗಾಬರಿ, ಸೂಜಿಯ ಭಯ ಇವೂ ಅದನ್ನು ಏರಿಸುತ್ತವೆ. ಎದ್ದ ತಕ್ಷಣ ಓಡಿ ಬಂದು ಕೈ ಚಾಚಬಾರದು, ಒಂದೆರಡು ಗಂಟೆ ಕಳೆಯಲಿ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಗೂ ಇದೇ ಗುಣವಿದೆ. ಅವನ್ನು ಪರೀಕ್ಷೆಗೆಂದು ತಾವಾಗಿ ನಿಲ್ಲಿಸುವುದು ಅಪಾಯ, ಡಾಕ್ಟರಿಗೆ ಹೆಸರು ಹೇಳಿದರೆ ಸಾಕು.

‘ಮೊಟ್ಟೆ ಖಾಲಿ’ ಎಂಬ ಹೆದರಿಕೆ

ಈಚೆಗೆ ಪ್ಯಾಕೇಜುಗಳಲ್ಲಿ ಸೇರಿಕೊಂಡಿರುವ ಎಎಂಎಚ್ ಪರೀಕ್ಷೆಯ ಹುಟ್ಟು ತಮಾಷೆಯದು. ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್ 1940ರ ದಶಕದಲ್ಲಿ ಮೊಲದ ಭ್ರೂಣಗಳ ಮೇಲೆ ಪ್ರಯೋಗ ಮಾಡುತ್ತ, ಗಂಡು ಭ್ರೂಣದಲ್ಲಿ ಗರ್ಭಕೋಶ ಬೆಳೆಯದಂತೆ ತಡೆಯುವ ವಸ್ತುವೊಂದು ವೃಷಣದಿಂದ ಬರುತ್ತದೆ ಎಂದು ತೋರಿಸಿದರು. ಅದೇ ಎಎಂಎಚ್. ಬಹಳ ವರ್ಷಗಳ ಮೇಲೆ ಅದು ದೊಡ್ಡ ಹೆಂಗಸರ ಅಂಡಾಶಯದಲ್ಲೂ, ಇನ್ನೂ ಎಳೆಯದಾಗಿರುವ ಅಂಡಚೀಲಗಳಿಂದ ಒಸರುತ್ತದೆ ಎಂದು ತಿಳಿಯಿತು. ಎಳೆಯ ಚೀಲಗಳು ಹೆಚ್ಚಿದ್ದಷ್ಟೂ ಎಎಂಎಚ್ ಹೆಚ್ಚು. ತಿಂಗಳೊಳಗೆ ಇದು ಅಷ್ಟಾಗಿ ಏರಿಳಿಯದ್ದರಿಂದ ಯಾವ ದಿನ ಬೇಕಾದರೂ ರಕ್ತ ಕೊಡಬಹುದು.

ಹೆಣ್ಣುಮಗು ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳನ್ನು ಹೊತ್ತಿರುತ್ತದೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಹೊರಬೀಳುವುದು ಬರೇ ನಾನೂರರಷ್ಟು. ಮಿಕ್ಕದ್ದೆಲ್ಲ ಒಳಗೇ ಕರಗುತ್ತದೆ. ಎಎಂಎಚ್ 0.6 ಎಂದು ಬಂದ ದಿನ ಮನೆಯಲ್ಲಿ ‘ಮೊಟ್ಟೆ ಖಾಲಿಯಂತೆ’ ಎಂಬ ಮಾತು ಹುಟ್ಟುತ್ತದೆ, ಆ ಮಾತು ಸೊಸೆಯ ತವರಿನವರೆಗೂ ಹೋಗುತ್ತದೆ. ಪರೀಕ್ಷೆ ಹೇಳಿದ್ದು ಅಷ್ಟು ದೊಡ್ಡ ಮಾತಲ್ಲ. 2017ರಲ್ಲಿ ಜಾಮಾ ಪತ್ರಿಕೆಯಲ್ಲಿ ಆನ್ ಸ್ಟೈನರ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಬಂಜೆತನದ ಇತಿಹಾಸವಿಲ್ಲದ, 30ರಿಂದ 44 ವರ್ಷದೊಳಗಿನ, ಮಗುವಿಗಾಗಿ ಪ್ರಯತ್ನಿಸುತ್ತಿದ್ದ 750 ಹೆಂಗಸರನ್ನು ಹಿಂಬಾಲಿಸಿದಾಗ, ಎಎಂಎಚ್ ಕಡಿಮೆಯಿದ್ದವರು ಸರಿಯಿದ್ದವರಷ್ಟೇ ಸುಲಭವಾಗಿ ಬಸಿರಾದರು. ಬೋರಿನಲ್ಲಿ ನೀರು ಇಳಿದಿದ್ದರೂ ಒಂದು ಬಿಂದಿಗೆ ತುಂಬಲು ಅಡ್ಡಿಯಿಲ್ಲ. ಬಸಿರಿಗೆ ಬೇಕಾದ್ದು ತಿಂಗಳಿಗೊಂದೇ ಅಂಡಾಣು. ಆ ಒಂದು ಅಂಡಾಣುವಿನ ಗುಣ ನಿರ್ಧಾರವಾಗುವುದು ಬಹುಮಟ್ಟಿಗೆ ಅವಳ ವಯಸ್ಸಿನಿಂದ, ಎಎಂಎಚ್ ಅದನ್ನು ಅಳೆಯುವುದಿಲ್ಲ.

ಪ್ರನಾಳ ಶಿಶು ಚಿಕಿತ್ಸೆಗೆ ಹೋಗುವವರಿಗೆ ಇದು ನಿಜಕ್ಕೂ ಬೇಕು. ಚುಚ್ಚುಮದ್ದು ಕೊಟ್ಟು ಒಟ್ಟಿಗೆ ಹತ್ತು ಚೀಲ ಬೆಳೆಸುವಾಗ ಎಷ್ಟು ಬೆಳೆದಾವು, ಔಷಧ ಎಷ್ಟು ಕೊಡಬೇಕು ಎಂಬ ಅಂದಾಜು ಎಎಂಎಚ್‌ನಿಂದ ಸಿಗುತ್ತದೆ. ಪಿಸಿಒಡಿ ಎಂದು ಮನೆಮಾತಾಗಿರುವ ತೊಂದರೆಯಲ್ಲಿ ಎಳೆಯ ಚೀಲಗಳು ಗುಂಪುಗಟ್ಟಿ ನಿಲ್ಲುವುದರಿಂದ ಅಂಕಿ ಏರುತ್ತದೆ. ಅಲ್ಲೂ ಸುಳಿವಾಗಿ ಬಳಸುತ್ತಾರೆ. ಇನ್ನೂ ಮದುವೆಯಾಗದ, ಮುಟ್ಟು ಸರಿಯಿರುವ ಇಪ್ಪತ್ತೈದರ ಹುಡುಗಿಗೆ ‘ಒಂದ್ಸಲ ನೋಡಿಬಿಡೋಣ’ ಎಂದು ಮಾಡಿಸುವ ಎಎಂಎಚ್ ದುಡ್ಡಿಗೆ ದಂಡ, ನಿದ್ದೆಗೂ ದಂಡ.

ಗಂಡಸಿನ ಒಂದು ಸಾಲು

ಗಂಡಸರಿಗೆ ಪಟ್ಟಿಯಲ್ಲಿ ಒಂದೇ ಸಾಲು ಏಕೆಂದರೆ ಅವರಿಗೆ ತಿಂಗಳ ಚಕ್ರವಿಲ್ಲ. ಹಾರ್ಮೋನುಗಳು ಅವೇ. ಎಫ್‌ಎಸ್‌ಎಚ್ ವೃಷಣಕ್ಕೆ ವೀರ್ಯಾಣು ಬೆಳೆಸಲು ಹೇಳುತ್ತದೆ, ಎಲ್‌ಎಚ್ ಟೆಸ್ಟೊಸ್ಟಿರಾನ್ ತಯಾರಿಸಲು. ವೃಷಣದ ಮಾರುತ್ತರ ಮಿದುಳಿಗೆ ಹೋಗಿ ಹಿಡಿತ ಹಾಕುತ್ತದೆ. ವೀರ್ಯಾಣು ಬಹಳ ಕಡಿಮೆಯಿದ್ದು ಎಫ್‌ಎಸ್‌ಎಚ್ 20 ಇದ್ದರೆ, ಅಲ್ಲೂ ಅದು ದೊಡ್ಡ ಮೋಟಾರೇ.

ಎಫ್‌ಎಸ್‌ಎಚ್ ಗಂಡಿಗೆ ಎಷ್ಟು ಬೇಕು ಎಂಬ ಪ್ರಶ್ನೆಯನ್ನು ನಮ್ಮ ಬೆಂಗಳೂರಿನಲ್ಲೇ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಎನ್.ಆರ್. ಮೌದ್ಗಲ್ ಮತ್ತು ಸಹೋದ್ಯೋಗಿಗಳು ವರ್ಷಗಟ್ಟಲೆ ಬೆನ್ನಟ್ಟಿದರು. ಅವರು ಕೆಲಸ ಮಾಡಿದ್ದು ತಲೆಯ ಮೇಲೆ ಟೋಪಿಯಂತೆ ಕೂದಲಿರುವ ನಮ್ಮೂರ ಕೋತಿಗಳ ಮೇಲೆ. ತೋಟಕ್ಕೆ ನುಗ್ಗಿ ಎಳನೀರು ಕಿತ್ತು ಬಿಸಾಡುವ ಜಾತಿ ಅದೇ. ಗಂಡು ಕೋತಿಯ ಮೈಯಲ್ಲಿ ಎಫ್‌ಎಸ್‌ಎಚ್ ವಿರುದ್ಧ ಪ್ರತಿಕಾಯ ಹುಟ್ಟಿಸಿದಾಗ ವೀರ್ಯಾಣುಗಳು ಕುಸಿದವು. ಗಂಡಸರಿಗೊಂದು ಗರ್ಭನಿರೋಧಕ ಲಸಿಕೆ ಕಂಡುಹಿಡಿಯುವುದು ಅವರ ಗುರಿಯಾಗಿತ್ತು. ಲಸಿಕೆ ಮಾರುಕಟ್ಟೆಗೆ ಬರಲಿಲ್ಲ.

ಆ ಪ್ರಯೋಗವನ್ನು ಈಗ ಗೊತ್ತಿಲ್ಲದೆ ತಮ್ಮ ಮೇಲೆಯೇ ಮಾಡಿಕೊಳ್ಳುವ ಹುಡುಗರಿದ್ದಾರೆ. ಜಿಮ್ಮಿನಲ್ಲಿ ಮೈಕಟ್ಟಿಗೆಂದು ಟೆಸ್ಟೊಸ್ಟಿರಾನ್ ಚುಚ್ಚಿಸಿಕೊಂಡರೆ ಮಿದುಳಿಗೆ ತಲುಪುವ ಸುದ್ದಿ ಒಂದೇ: ಬೇಕಾದಷ್ಟಿದೆ. ಪಿಟ್ಯುಟರಿ ಎಫ್‌ಎಸ್‌ಎಚ್, ಎಲ್‌ಎಚ್ ಎರಡನ್ನೂ ನಿಲ್ಲಿಸುತ್ತದೆ. ತೋಳು ದಪ್ಪವಾಗುತ್ತದೆ, ವೀರ್ಯಾಣು ಸೊನ್ನೆಗೆ ಇಳಿಯಬಹುದು. ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಳು ಬೇಕು, ಒಂದು ವೀರ್ಯಾಣು ತಯಾರಾಗುವುದಕ್ಕೇ ಎರಡೂವರೆ ತಿಂಗಳ ಹತ್ತಿರ ಹಿಡಿಯುತ್ತದೆ. ಇನ್ನು ಟೆಸ್ಟೊಸ್ಟಿರಾನ್ ಅಳೆಸುವುದಿದ್ದರೆ ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ; ಸಂಜೆಗೆ ಅದು ಸಹಜವಾಗಿಯೇ ಇಳಿದಿರುತ್ತದೆ. ಒಂದು ಸಲ ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ನೋಡದೆ ಯಾವ ಒಳ್ಳೆಯ ವೈದ್ಯರೂ ತೀರ್ಪು ಕೊಡುವುದಿಲ್ಲ.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಹೀಗಿದ್ದೂ ಹೆಣ್ಣಿನ ಮೈಯಿಂದ ಎರಡು ಮೂರು ಸಲ ರಕ್ತ ಎಳೆದು, ಸಾವಿರಾರು ರೂಪಾಯಿ ಕಟ್ಟಿ ಆದ ಮೇಲೆ “ಇನ್ನು ಇವರದೂ ಒಂದು ನೋಡಿ” ಎಂದು ಗಂಡನ ಸರದಿ ಬರುತ್ತದೆ. ಅವನಿಗೆ ಮೊದಲು ಬೇಕಾದ್ದು ಹಾರ್ಮೋನು ಪರೀಕ್ಷೆಯಲ್ಲ, ವೀರ್ಯ ಪರೀಕ್ಷೆ. ಅದಕ್ಕೆ ಸೂಜಿ ಬೇಡ, ತಿಂಗಳ ಲೆಕ್ಕ ಬೇಡ, ಎರಡರಿಂದ ಏಳು ದಿನದ ಸಂಯಮ ಸಾಕು. ಖರ್ಚೂ ಹೆಂಡತಿಯ ಹಾರ್ಮೋನು ಪಟ್ಟಿಗಿಂತ ಎಷ್ಟೋ ಕಡಿಮೆ. ಡಾಕ್ಟರು ಅವಳ ಹೆಸರಿನಲ್ಲಿ ಮೊದಲ ಚೀಟಿ ಬರೆಯುವ ದಿನವೇ ಅವನ ಹೆಸರಿನಲ್ಲೂ ಒಂದು ಬರೆಸಿಕೊಳ್ಳಿ.